ತಂತಿ ಮೇಲೆ ಬೀಳುವ ಮರವನ್ನು ಮಳೆಗೆ ಮೊದಲೇ ಹುಡುಕೋದು ಹೇಗೆ?

ಮೃಗಶಿರಾ ಮಳೆ ಹಿಡಿದ ಮೊದಲ ರಾತ್ರಿ ಮಲೆನಾಡಿನಲ್ಲಿ ಕರೆಂಟ್ ಹೋಗುತ್ತದೆ. ಅದು ಯಾರಿಗೂ ಸುದ್ದಿಯಲ್ಲ. ತೀರ್ಥಹಳ್ಳಿ ಕಡೆಯ ನಮ್ಮೂರಲ್ಲಿ ಮೇ ಕೊನೆಗೇ ಮೇಣದಬತ್ತಿ, ಟಾರ್ಚ್ ಎಲ್ಲ ಸಿದ್ಧವಾಗಿರುತ್ತವೆ. ಬೆಳಗ್ಗೆ ಲೈನ್‌ಮ್ಯಾನ್ ಕತ್ತಿ, ಹಗ್ಗ ಹಿಡಿದು, ಪ್ಲಾಸ್ಟಿಕ್ ಕೊಪ್ಪೆ ಹಾಕಿಕೊಂಡು ಬರುತ್ತಾರೆ. ಎಂಟು ಕಿಲೋಮೀಟರ್ ಲೈನಿನಲ್ಲಿ ಮರ ಎಲ್ಲಿ ಬಿದ್ದಿದೆ ಅಂತ ಅವರು ನಡೆದೇ ಹುಡುಕಬೇಕು. ಸಂಜೆ ಹೊತ್ತಿಗೆ ಸಿಕ್ಕರೆ ಪುಣ್ಯ.

ನಾನು ಬೆಂಗಳೂರಿನಲ್ಲಿ ನಕ್ಷೆಗಳ ಕೆಲಸ ಮಾಡುವವನು. ಬಿದ್ದ ಮೇಲೆ ಹುಡುಕುವ ಬದಲು ಬೀಳೋ ಮೊದಲೇ ಹುಡುಕಬಹುದಲ್ವಾ ಅಂತ ನಮ್ಮೂರಿನ 11 ಕೆವಿ (11 ಸಾವಿರ ವೋಲ್ಟ್) ಲೈನಿನ ಮೇಲೆಯೇ ಪ್ರಯೋಗಕ್ಕೆ ಇಳಿದೆ. ಬಳಸಿದ್ದೆಲ್ಲ ಪುಕ್ಕಟೆ ಸಿಗುವ ಉಪಗ್ರಹ ಚಿತ್ರ, ಪುಕ್ಕಟೆ ಸಾಫ್ಟ್‌ವೇರ್. ಎಡವಿದ್ದು ಜಾಸ್ತಿ, ಕಲಿತದ್ದೂ ಜಾಸ್ತಿ. ಇದೇ ದಾರಿ 220 ಕೆವಿ ಟವರ್ ಲೈನಿಗೂ ಆಗುತ್ತದೆ, ಘಾಟಿಯ ರೈಲು ಹಳಿಗೂ ಆಗುತ್ತದೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಪುಕ್ಕಟೆ ಉಪಗ್ರಹ ಚಿತ್ರದಲ್ಲಿ ಕೊಂಬೆ ಕಾಣುವುದಿಲ್ಲ. ತಂತಿಯಂತೂ ಕಾಣುವುದೇ ಇಲ್ಲ. ಎಂಬತ್ತು ಜಾಗಗಳಲ್ಲಿ ಮೊದಲು ಯಾವ ಹತ್ತಕ್ಕೆ ಹೋಗಬೇಕು ಅನ್ನುವುದನ್ನು ಮಾತ್ರ ಅದು ಹೇಳುತ್ತದೆ. ಅಷ್ಟು ಸಾಕು.

ಇದು ಬರೀ ಹಳ್ಳಿಯ ತಾಪತ್ರಯ ಅಂದುಕೊಳ್ಳಬೇಡಿ. 2003ರ ಆಗಸ್ಟ್ 14ರಂದು ಅಮೆರಿಕದ ಒಹಾಯೋದಲ್ಲಿ 345 ಕೆವಿ ಲೈನುಗಳು ಒಂದಾದ ಮೇಲೊಂದು ಜೋತು ಬಿದ್ದು ಕೆಳಗೆ ಬೆಳೆದಿದ್ದ ಮರಗಳಿಗೆ ತಾಗಿದವು. ತಂತಿಗಳ ಮೇಲೆ ಮಿತಿ ಮೀರಿದ ಹೊರೆ ಇರಲಿಲ್ಲ, ಮರಗಳೇ ಜಾಸ್ತಿ ಬೆಳೆದಿದ್ದವು. ಅವತ್ತು ಅಮೆರಿಕ, ಕೆನಡಾ ಸೇರಿ ಸುಮಾರು 5 ಕೋಟಿ ಜನ ಕತ್ತಲಲ್ಲಿ ಕೂತರು. ಅದೇ ವರ್ಷ ಸೆಪ್ಟೆಂಬರ್ 28ರ ನಸುಕಿನಲ್ಲಿ ಸ್ವಿಟ್ಜರ್ಲೆಂಡಿನ ಲುಕ್‌ಮಾನಿಯರ್ ಲೈನು ಮರಕ್ಕೆ ತಾಗಿ ಟ್ರಿಪ್ ಆಯಿತು. ಆಮೇಲೆ ಸಾರ್ಡೀನಿಯ ದ್ವೀಪ ಒಂದನ್ನು ಬಿಟ್ಟು ಹೆಚ್ಚುಕಮ್ಮಿ ಇಡೀ ಇಟಲಿಯ ಕರೆಂಟ್ ಹೋಯಿತು.

ಮೊದಲು ಲೈನು ಎಲ್ಲಿದೆ ಅಂತ ಗೊತ್ತಾಗಬೇಕು

ಶರಾವತಿಯಿಂದ ಶಿವಮೊಗ್ಗದ ಕಡೆ ಹೋಗುವಂಥ ದೊಡ್ಡ ಲೈನುಗಳ ದಾರಿ ಓಪನ್‌ಸ್ಟ್ರೀಟ್‌ಮ್ಯಾಪ್‌ನಲ್ಲಿ ಸಾಮಾನ್ಯವಾಗಿ ಸಿಗುತ್ತದೆ. ಇಲ್ಲದಿದ್ದರೆ ಗೂಗಲ್ ಅರ್ಥ್‌ನಲ್ಲಿ ಟವರಿನ ನೆರಳು ಹುಡುಕಿ. ಟವರಿಗಿಂತ ಅದರ ನೆರಳೇ ಚೆನ್ನಾಗಿ ಕಾಣುತ್ತದೆ. ಒಂದೊಂದೇ ಟವರ್ ಗುರುತು ಮಾಡಿ ಗೆರೆ ಎಳೆದು ಕೆಎಂಎಲ್ ಫೈಲ್ ಆಗಿ ಉಳಿಸಿಕೊಳ್ಳಿ.

11 ಕೆವಿ ಕಂಬಗಳಿಗೆ ಈ ಉಪಾಯ ನಡೆಯುವುದಿಲ್ಲ. ನಡೆಯಬೇಕು. ಫೆಬ್ರವರಿಯಲ್ಲಿ ನಡೆಯಿರಿ, ಇಂಬಳದ ಕಾಟ ಇರುವುದಿಲ್ಲ. ಜಿಪಿಎಸ್ ದಾಖಲಿಸುವ ಯಾವುದಾದರೂ ಆ್ಯಪ್ ಹಾಕಿಕೊಂಡು, ಪ್ರತಿ ಕಂಬದ ಬುಡದಲ್ಲಿ ಅರ್ಧ ನಿಮಿಷ ಸುಮ್ನೆ ನಿಂತು, ಪಿನ್ ಹಾಕಿ ಕಂಬದ ನಂಬರ್ ಬರೆಯಿರಿ. ದಟ್ಟ ಮರದಡಿ ಫೋನಿನ ಜಿಪಿಎಸ್ ಐದು–ಹತ್ತು ಮೀಟರ್ ಆಚೀಚೆ ತೋರಿಸುತ್ತದೆ. ಆತುರ ಮಾಡಿದರೆ ಇನ್ನೂ ಜಾಸ್ತಿ.

ಸಾಧ್ಯವಾದರೆ ಲೈನ್‌ಮ್ಯಾನ್ ಜೊತೆಗೇ ನಡೆಯಿರಿ. "ಈ ಸ್ಪ್ಯಾನಲ್ಲಿ (ಎರಡು ಕಂಬಗಳ ನಡುವೆ) ಪ್ರತಿ ವರ್ಷ ಬೀಳ್ತದೆ", "ಹೋದ ವರ್ಷ ಇಲ್ಲಿ ಜಂಗಲ್ ಕಟಿಂಗ್ ಆಗಿದೆ" ಅಂತ ಅವರು ಹೇಳುವ ಒಂದೊಂದು ಮಾತನ್ನೂ ಬರೆದುಕೊಳ್ಳಿ. ಮುಂದೆ ನಿಮ್ಮ ನಕ್ಷೆ ಸರಿಯಿದೆಯಾ ಅಂತ ನೋಡಲು ನಿಮಗಿರುವ ಉತ್ತರಪತ್ರಿಕೆ ಅದೊಂದೇ.

ಎಷ್ಟು ಅಗಲ ನೋಡಬೇಕು?

ಕಾಡಿನೊಳಗೆ ಲೈನಿಗೆ ಎಷ್ಟು ಅಗಲದ ಜಾಗ ಬಿಡಬೇಕು ಅನ್ನುವುದಕ್ಕೆ ಕೇಂದ್ರದ ಮಾರ್ಗಸೂಚಿ ಇದೆ. 11 ಕೆವಿಗೆ 7 ಮೀಟರ್, 33 ಕೆವಿಗೆ 15, 66 ಕೆವಿಗೆ 18, 110 ಕೆವಿಗೆ 22, 220 ಕೆವಿಗೆ 35, 400 ಕೆವಿಗೆ 46 ಮೀಟರ್.

ನಾವು ಬಳಸುವ ಸೆಂಟಿನೆಲ್-2 ಉಪಗ್ರಹದ ಒಂದು ಪಿಕ್ಸೆಲ್ ಅಂದರೆ ನೆಲದ ಮೇಲೆ 10 ಮೀಟರ್ ಉದ್ದ, 10 ಮೀಟರ್ ಅಗಲ. 7 ಮೀಟರ್ ಅಗಲದ ಓಣಿಯೊಳಗೆ ಒಂದು ಪಿಕ್ಸೆಲ್ ಕೂಡ ಪೂರ್ತಿ ಕೂರುವುದಿಲ್ಲ. ಹಾಗಾಗಿ 11 ಕೆವಿಯಲ್ಲಿ ಓಣಿಯೊಳಗೆ ಏನಾಗಿದೆ ಅಂತ ಉಪಗ್ರಹವನ್ನು ಕೇಳುವುದೇ ತಪ್ಪು. ಓಣಿಯ ಎರಡೂ ಪಕ್ಕದಲ್ಲಿ, ಮರ ಮುರಿದರೆ ತಂತಿಗೆ ಎಟುಕುವ ದೂರದಲ್ಲಿ ಏನಾಗುತ್ತಿದೆ ಅಂತ ಕೇಳಬೇಕು. ನಮ್ಮಲ್ಲಿ ಲೈನು ಕೆಡಿಸುವುದು ಕೆಳಗಿನಿಂದ ಬೆಳೆದು ತಾಗುವ ಗಿಡಕ್ಕಿಂತ ಪಕ್ಕದಿಂದ ಬೀಳುವ ಮರವೇ. ನಾನು ಎರಡೂ ಕಡೆ 20 ಮೀಟರ್ ಇಟ್ಟುಕೊಂಡೆ.

ಈ ಕೆಲಸಕ್ಕೆ ಕ್ಯೂಜಿಐಎಸ್ ಅನ್ನುವ ಪುಕ್ಕಟೆ ನಕ್ಷೆ ಸಾಫ್ಟ್‌ವೇರ್ ಸಾಕು. ಮೊದಲು ಗೆರೆಯನ್ನು 'ರಿಪ್ರೊಜೆಕ್ಟ್ ಲೇಯರ್' ಮೂಲಕ ಮೀಟರ್ ಲೆಕ್ಕಕ್ಕೆ ತನ್ನಿ. ಮಲೆನಾಡು, ಕರಾವಳಿ ಸೇರಿ ಕರ್ನಾಟಕದ ಬಹುಪಾಲಿಗೆ ಯುಟಿಎಂ (ಮೀಟರ್ ಲೆಕ್ಕದ ನಕ್ಷೆ ಪದ್ಧತಿ) 43 ಉತ್ತರ ವಲಯ, ಸಾಫ್ಟ್‌ವೇರಿನ ಸಂಕೇತದಲ್ಲಿ ಇಪಿಎಸ್‌ಜಿ 32643. ಕೋಲಾರ, ಮುಳಬಾಗಿಲು ಕಡೆಯವರು ಮಾತ್ರ 44ನೇ ವಲಯ ತಗೊಳ್ಳಬೇಕು. ಇದನ್ನು ಮರೆತರೆ ಏನಾಗುತ್ತದೆ ಗೊತ್ತಾ? ಫೋನಿನಿಂದ ಬಂದ ಗೆರೆ ಡಿಗ್ರಿ ಲೆಕ್ಕದಲ್ಲಿ ಇರುತ್ತದೆ. ಬಫರ್ (ಗೆರೆಯ ಸುತ್ತ ಬಿಡುವ ಪಟ್ಟಿ) 20 ಅಂತ ಕೊಟ್ಟರೆ ಅದು 20 ಡಿಗ್ರಿ ಅಂತ ತಿಳಿದುಕೊಂಡು, ನಿಮ್ಮೂರಿನ ಲೈನಿನ ಸುತ್ತ ಹೆಚ್ಚುಕಮ್ಮಿ ಇಡೀ ಭಾರತ, ಶ್ರೀಲಂಕಾ ಎಲ್ಲ ಸೇರಿಸಿ ಒಂದು ದೊಡ್ಡ ದೋಸೆ ಹುಯ್ದು ಕೊಡುತ್ತದೆ. ನಾನೂ ಒಮ್ಮೆ ಆ ದೋಸೆ ಹುಯ್ದವನೇ.

ಆಮೇಲೆ 'ಸ್ಪ್ಲಿಟ್ ಲೈನ್ಸ್ ಬೈ ಮ್ಯಾಕ್ಸಿಮಮ್ ಲೆಂತ್' ಬಳಸಿ ಗೆರೆಯನ್ನು ನೂರು ನೂರು ಮೀಟರಿಗೆ ತುಂಡು ಮಾಡಿ. ಟವರ್ ಲೈನಾದರೆ ಟವರಿಂದ ಟವರಿಗೆ ಒಂದು ತುಂಡು. ಪ್ರತಿ ತುಂಡಿಗೂ 20 ಮೀಟರ್ ಬಫರ್ ಹಾಕಿ. ತುದಿಯ ಆಕಾರ 'ಫ್ಲಾಟ್' ಅಂತ ಇರಲಿ, 'ಡಿಸಾಲ್ವ್' ಒತ್ತಬೇಡಿ. ನೂರು ಮೀಟರ್ ಉದ್ದ, ನಲವತ್ತು ಮೀಟರ್ ಅಗಲ, ಅಂದರೆ ಒಂದು ತುಂಡಿಗೆ ಸುಮಾರು ನಲವತ್ತು ಪಿಕ್ಸೆಲ್. ಲೆಕ್ಕ ಹಾಕಲು ಧಾರಾಳ ಸಾಕು. ಪ್ರತಿ ತುಂಡಿಗೂ ಹತ್ತಿರದ ಕಂಬದ ನಂಬರನ್ನೇ ಹೆಸರಾಗಿ ಕೊಡಿ. 'ತುಂಡು 37' ಅಂದರೆ ಲೈನ್‌ಮ್ಯಾನ್‌ಗೆ ಏನೂ ಅರ್ಥ ಆಗುವುದಿಲ್ಲ.

ಚಿತ್ರ ಆರಿಸುವುದೇ ಅರ್ಧ ಕೆಲಸ

ಸೆಂಟಿನೆಲ್-2 ಯುರೋಪಿನ ಕೋಪರ್ನಿಕಸ್ ಯೋಜನೆಯ ಉಪಗ್ರಹ. ಮೊದಲನೆಯದು 2015ರಲ್ಲಿ ಹೋಯಿತು, ಎರಡನೆಯದು 2017ರಲ್ಲಿ, ಮೊದಲನೆಯದರ ಜಾಗಕ್ಕೆ ಮೂರನೆಯದು 2024ರಲ್ಲಿ. ಜೋಡಿಯಾಗಿ ಅವು ಐದು ದಿನಕ್ಕೊಮ್ಮೆ ನಮ್ಮ ಮೇಲೆ ಹಾಯುತ್ತವೆ, ಬೆಳಗ್ಗೆ ಹನ್ನೊಂದರ ಆಸುಪಾಸಿಗೆ. ಚಿತ್ರಗಳನ್ನು ಕೋಪರ್ನಿಕಸ್ ಬ್ರೌಸರ್ ಅನ್ನುವ ಜಾಲತಾಣದಲ್ಲಿ ಖಾತೆ ತೆರೆದು ನೋಡಬಹುದು, ಇಳಿಸಿಕೊಳ್ಳಬಹುದು. ನಮ್ಮ ಇಸ್ರೋದವರ ಭೂನಿಧಿ ತಾಣದಲ್ಲಿ ರಿಸೋರ್ಸ್‌ಸ್ಯಾಟ್‌ನ ಲಿಸ್-4 ಕ್ಯಾಮೆರಾದ ಚಿತ್ರಗಳೂ ಸಿಗುತ್ತವೆ. ಅವುಗಳ ಪಿಕ್ಸೆಲ್ 5.8 ಮೀಟರ್, ಇನ್ನೂ ಸಣ್ಣದು. ಆದರೆ ನಮಗೆ ಬೇಕಾದ ವಾರದ ಚಿತ್ರ ಇದ್ದೇ ಇರುತ್ತದೆ ಅನ್ನುವ ಹಾಗಿಲ್ಲ. ಕಲಿಯುವವರು ಸೆಂಟಿನೆಲ್‌ನಿಂದಲೇ ಶುರು ಮಾಡುವುದು ವಾಸಿ.

ಬ್ರೌಸರಿನಲ್ಲಿ ನಿಮ್ಮ ಕೆಎಂಎಲ್ ಅಪ್‌ಲೋಡ್ ಮಾಡಿ, ಸೆಂಟಿನೆಲ್-2ರ 'ಲೆವೆಲ್-2ಎ' ಆರಿಸಿ. ಗಾಳಿಯ ಮಬ್ಬನ್ನು ಲೆಕ್ಕದಿಂದ ಕಳೆದ ಚಿತ್ರ ಅದು. ಮೋಡದ ಮಿತಿಯನ್ನು ಹತ್ತು ಪರ್ಸೆಂಟಿಗೆ ಇಳಿಸಿ. ಆ ಪರ್ಸೆಂಟ್ ಇಡೀ ಚಿತ್ರದ್ದು, ನಿಮ್ಮೂರದ್ದಲ್ಲ. ಚಿತ್ರವೆಲ್ಲ ಶುಭ್ರವಾಗಿದ್ದು ಆಗುಂಬೆ ಮೇಲೆ ಮಾತ್ರ ಮೋಡ ಕೂತಿರುವುದು ನಮಗೆ ಹೊಸದೇನಲ್ಲ. ಕಣ್ಣಲ್ಲೇ ನೋಡಿ ಖಾತ್ರಿ ಮಾಡಿಕೊಳ್ಳಿ. ಮೋಡ ಪಕ್ಕಕ್ಕಿದ್ದು ಅದರ ನೆರಳು ಲೈನಿನ ಮೇಲೆ ಬಿದ್ದಿರುವುದೂ ಉಂಟು.

ಈಗ ಮುಖ್ಯ ವಿಷಯ. ಜನವರಿಯನ್ನು ಜನವರಿಯ ಜೊತೆಗೇ ಹೋಲಿಸಿ. ಜನವರಿ ಚಿತ್ರವನ್ನು ಏಪ್ರಿಲ್ ಚಿತ್ರದ ಪಕ್ಕ ಇಟ್ಟರೆ ಅರ್ಧ ಕಾಡೇ ಸತ್ತ ಹಾಗೆ ಕಾಣುತ್ತದೆ. ಸತ್ತಿಲ್ಲ, ಮತ್ತಿ, ಸಾಗುವಾನಿ ಎಲೆ ಉದುರಿಸಿವೆ ಅಷ್ಟೇ. ಬ್ಯಾಣದ (ಹುಲ್ಲುಗಾವಲಿನ) ಕರಡವೂ ಒಣಗಿರುತ್ತದೆ. ನಾನು ಜನವರಿ ಎರಡನೇ ಪಕ್ಷವನ್ನು ಕಾಯಂ ಮಾಡಿಕೊಂಡಿದ್ದೇನೆ. ಮಳೆ ನಿಂತಿರುತ್ತದೆ, ಎಲೆ ಇನ್ನೂ ಇರುತ್ತದೆ, ಕಾಡ್ಗಿಚ್ಚಿನ ಹೊಗೆ ಎದ್ದಿರುವುದಿಲ್ಲ. ಗುಡ್ಡದ ನೆರಳೂ ಪ್ರತಿ ವರ್ಷ ಒಂದೇ ಕಡೆ ಬೀಳುತ್ತದೆ.

ಕನಿಷ್ಠ ಮೂರು ವರ್ಷದ ಮೂರು ಜನವರಿ ಚಿತ್ರ ಇಳಿಸಿಕೊಳ್ಳಿ. ಡೌನ್‌ಲೋಡ್‌ನಲ್ಲಿ 'ಅನಾಲಿಟಿಕಲ್' ಆರಿಸಿ, 32 ಬಿಟ್ ಟಿಫ್ ಕೇಳಿ, ಬಿ4 ಮತ್ತು ಬಿ8 ಪಟ್ಟಿ ತಗೊಳ್ಳಿ. ಬಿ4 ಅಂದರೆ ಕೆಂಪು ಬೆಳಕು. ಬಿ8 ನಮ್ಮ ಕಣ್ಣಿಗೆ ಕಾಣದ ನಿಯರ್ ಇನ್‌ಫ್ರಾರೆಡ್.

ಹಸಿರನ್ನು ಅಳೆಯುವುದು

ಜೀವಂತ ಎಲೆ ಕೆಂಪು ಬೆಳಕನ್ನು ನುಂಗಿ ಆಹಾರ ಮಾಡಿಕೊಳ್ಳುತ್ತದೆ, ನಿಯರ್ ಇನ್‌ಫ್ರಾರೆಡ್ ಅನ್ನು ವಾಪಸ್ ಎಸೆಯುತ್ತದೆ. ಎರಡರ ವ್ಯತ್ಯಾಸವನ್ನು ಎರಡರ ಮೊತ್ತದಿಂದ ಭಾಗಿಸಿದರೆ ಬರುವುದೇ ಎನ್‌ಡಿವಿಐ. ಕ್ಯೂಜಿಐಎಸ್‌ನ 'ರಾಸ್ಟರ್ ಕ್ಯಾಲ್ಕುಲೇಟರ್'ನಲ್ಲಿ (ಬಿ8 − ಬಿ4) ÷ (ಬಿ8 + ಬಿ4) ಅಂತ ಕೊಟ್ಟರೆ ಆಯಿತು.

ಒಂದು ಉದಾಹರಣೆ. ಕಾನಿನ (ದಟ್ಟ ನಿತ್ಯಹಸಿರು ಕಾಡಿನ) ಒಂದು ಪಿಕ್ಸೆಲ್‌ನಲ್ಲಿ ಕೆಂಪು 0.04, ಇನ್‌ಫ್ರಾರೆಡ್ 0.36 ಇದೆ ಅನ್ನಿ. 0.32ನ್ನು 0.40ರಿಂದ ಭಾಗಿಸಿದರೆ 0.80. ಕೊಯ್ಲಾದ ಗದ್ದೆಯಲ್ಲಿ ಕೆಂಪು 0.15, ಇನ್‌ಫ್ರಾರೆಡ್ 0.25 ಇದ್ದರೆ ಬರುವುದು 0.25. ಸಂಖ್ಯೆ ಒಂದರ ಹತ್ತಿರ ಹೋದಷ್ಟೂ ಹಸಿರು ದಟ್ಟ.

ಇಲ್ಲೊಂದು ಗುಂಡಿ ಇದೆ, ಹಳಬರೂ ಬೀಳುವಂಥದ್ದು. 2022ರ ಜನವರಿ 25ರಿಂದ ಸೆಂಟಿನೆಲ್-2ರ ಮೂಲ ಫೈಲುಗಳಲ್ಲಿ ಪ್ರತಿ ಸಂಖ್ಯೆಗೂ 1000 ಸೇರಿಸಿ ಕೊಡುತ್ತಿದ್ದಾರೆ. ಆ ಫೈಲುಗಳಲ್ಲಿ 0.04 ಅನ್ನು ಹತ್ತು ಸಾವಿರದಿಂದ ಗುಣಿಸಿ 400 ಅಂತ ಇಟ್ಟಿರುತ್ತಾರೆ. ಸೇರಿಸಿದ 1000 ಕಳೆಯದೆ ಲೆಕ್ಕ ಹಾಕಿದರೆ ಮೇಲಿನ ಕಾನಿನ 400, 3600 ಅನ್ನುವ ಸಂಖ್ಯೆಗಳು 1400, 4600 ಆಗುತ್ತವೆ. 0.80 ಇರಬೇಕಾದದ್ದು 0.53ಕ್ಕೆ ಇಳಿಯುತ್ತದೆ. 2021ರ ಚಿತ್ರವನ್ನು 2023ರದ್ದರ ಜೊತೆ ಇಟ್ಟರೆ ಇಡೀ ಪಶ್ಚಿಮಘಟ್ಟವೇ ಒಣಗಿಹೋಗಿದೆ ಅಂತ ವರದಿ ಬರೆಯಬಹುದು! ಬ್ರೌಸರಿನ 'ಅನಾಲಿಟಿಕಲ್' ಡೌನ್‌ಲೋಡ್‌ನಲ್ಲಿ ಇದನ್ನು ಅವರೇ ಸರಿಮಾಡಿರುತ್ತಾರೆ. ಪೂರ್ತಿ ಫೈಲನ್ನೇ ಇಳಿಸುವವರು ತಾವೇ 1000 ಕಳೆಯಬೇಕು. ಗೂಗಲ್ ಅರ್ಥ್ ಎಂಜಿನ್ ಬಳಸುವವರು ಹೆಸರಿನಲ್ಲಿ 'ಹಾರ್ಮೊನೈಸ್ಡ್' ಅಂತ ಇರುವ ಸಂಗ್ರಹವನ್ನೇ ತಗೊಳ್ಳಲಿ.

ಮೂರೂ ವರ್ಷದ ಎನ್‌ಡಿವಿಐ ಆದ ಮೇಲೆ 'ಝೋನಲ್ ಸ್ಟ್ಯಾಟಿಸ್ಟಿಕ್ಸ್' ಓಡಿಸಿ. ಪ್ರತಿ ತುಂಡಿಗೂ ಮೂರು ವರ್ಷದ ಸಂಖ್ಯೆ ಒಂದೇ ಪಟ್ಟಿಗೆ ಬರುತ್ತದೆ. ಯಾವ ತುಂಡಿನಲ್ಲಿ ಹಸಿರು ಏರಿದೆ, ಯಾವುದರಲ್ಲಿ ಇಳಿದಿದೆ ಅಂತ ನೋಡಿ. ಎರಡೂ ಅಪಾಯವೇ. ಏರಿದರೆ ಏನೋ ಬೆಳೆಯುತ್ತಿದೆ. ಇಳಿದರೆ ಯಾವುದೋ ಮರ ಸಾಯುತ್ತಿರಬಹುದು.

ಬಾಳೆ ಮತ್ತು ಹಲಸು

ನನ್ನ ಮೊದಲ ಪಟ್ಟಿಯನ್ನು ಲೈನ್‌ಮ್ಯಾನ್ ಕೈಗೆ ಕೊಟ್ಟಾಗ ಅವರು ಕಿವಿಯ ಮೇಲಿದ್ದ ಪೆನ್ಸಿಲ್ ತೆಗೆದು ಮೊದಲ ಹೆಸರನ್ನೇ ಹೊಡೆದು ಹಾಕಿದರು.

"ಅಯ್ಯೋ ಮಾರಾಯ್ರೆ, ಇದು ಬಾಳೆ. ಗದ್ದೆಗೆ ಬಾಳೆ ಹಾಕಿದ್ದಾರೆ. ಅದು ತಂತಿಗೆ ಎಲ್ಲಿ ಎಟಕ್ತದೆ?"

ನನ್ನ ಲೆಕ್ಕದಲ್ಲಿ ಅದೇ ಅತಿ ಅಪಾಯದ ತುಂಡು. ಬರೀ ಗದ್ದೆ 0.25ರಲ್ಲಿ ಇದ್ದದ್ದು ಬಾಳೆ ಬಂದು 0.65ಕ್ಕೆ ಏರಿತ್ತು. ಎನ್‌ಡಿವಿಐಗೆ ಹಸಿರು ಗೊತ್ತು, ಎತ್ತರ ಗೊತ್ತಿಲ್ಲ. ಸೊಂಟದೆತ್ತರದ ಲಂಟಾನಕ್ಕೂ ಮೂವತ್ತು ಮೀಟರ್ ಮರಕ್ಕೂ ಅದು ಒಂದೇ 0.8 ಕೊಡುತ್ತದೆ. ದಟ್ಟ ಕಾಡಿನಲ್ಲಂತೂ ಅದು ಮೇಲೆ ಹೋಗಿ ಅಂಟಿಕೊಂಡುಬಿಡುತ್ತದೆ, ಇನ್ನಷ್ಟು ಬೆಳೆದರೂ ಗೊತ್ತಾಗುವುದಿಲ್ಲ.

ಆಮೇಲೆ ಅವರೇ ಕೇಳಿದರು, "47ನೇ ಕಂಬದ ಹಲಸು ಇಲ್ವಲ್ಲ ಇದ್ರಲ್ಲಿ?"

ಹೋಗಿ ನೋಡಿದೆ. ಧರೆಯ (ಕಡಿದಾದ ಮಣ್ಣಿನ ದಿಬ್ಬದ) ಮೇಲಿದ್ದ ದೊಡ್ಡ ಹಲಸು. ಒಂದು ಕಡೆ ಪೂರ್ತಿ ಒಣಗಿ, ತೊಗಟೆ ಬಿಟ್ಟು, ಬುಡದಲ್ಲಿ ಅಣಬೆ ಎದ್ದಿತ್ತು. ವಾಲಿದ್ದು ಲೈನಿನ ಕಡೆಗೇ. ನನ್ನ ಪಟ್ಟಿಯಲ್ಲಿ ಆ ತುಂಡು ತಣ್ಣಗೆ ಕೆಳಗಡೆ ಕೂತಿತ್ತು, ಯಾಕಂದರೆ ನಾನು ತೆಗೆದದ್ದು 'ಮೀಡಿಯನ್', ನಲವತ್ತು ಪಿಕ್ಸೆಲ್‌ಗಳ ನಡುವಿನ ಸಂಖ್ಯೆ. ಒಂದು ಮರ ಸತ್ತರೆ ಹಾಳಾಗುವುದು ಒಂದೋ ಎರಡೋ ಪಿಕ್ಸೆಲ್. ಉಳಿದ ಮೂವತ್ತೆಂಟು ಸೇರಿಕೊಂಡು ಅದನ್ನು ಮುಚ್ಚಿಹಾಕುತ್ತವೆ.

ಮನೆಗೆ ಬಂದು ಅದೇ ಚಿತ್ರಗಳಲ್ಲಿ ಆ ಒಂದು ಪಿಕ್ಸೆಲ್ ಮಾತ್ರ ನೋಡಿದೆ. ಮೂರು ಜನವರಿಗಳಲ್ಲಿ 0.71, 0.58, 0.41. ಹಲಸು ನಿತ್ಯಹಸಿರು ಮರ. ಜನವರಿಯಲ್ಲಿ ಅದು ಬೋಳಾಗಲು ಬೇರೆ ಕಾರಣವೇ ಇಲ್ಲ. ಉಪಗ್ರಹ ಎರಡು ವರ್ಷದಿಂದ ಹೇಳುತ್ತಲೇ ಇತ್ತು, ನಾನೇ ಕೇಳಿಸಿಕೊಂಡಿರಲಿಲ್ಲ.

ಅಂದಿನಿಂದ ಎರಡು ಪಟ್ಟಿ ಮಾಡುತ್ತೇನೆ. ತುಂಡಿನ ಮೀಡಿಯನ್ ಏರಿದವು ಒಂದು ಪಟ್ಟಿ. ಇನ್ನೊಂದಕ್ಕೆ, ಈ ವರ್ಷದ ಎನ್‌ಡಿವಿಐಯಿಂದ ಹಳೆಯದನ್ನು ಪಿಕ್ಸೆಲ್ ಪಿಕ್ಸೆಲ್ ಕಳೆದು, ಆ ವ್ಯತ್ಯಾಸದ ಚಿತ್ರದ 'ಮಿನಿಮಮ್' ತೆಗೆಯುತ್ತೇನೆ. ಅತಿ ಜಾಸ್ತಿ ಕುಸಿದ ಪಿಕ್ಸೆಲ್ ಯಾವ ತುಂಡಿನಲ್ಲಿದೆ ಅಂತ ಅದರಲ್ಲಿ ಗೊತ್ತಾಗುತ್ತದೆ. ಮೂರು ವರ್ಷ ಸತತವಾಗಿ ಇಳಿದಿದ್ದರೆ ಕಣ್ಣು ಮುಚ್ಚಿಕೊಂಡು ಪಟ್ಟಿಗೆ ಸೇರಿಸಿ. ಒಂದೇ ವರ್ಷದಲ್ಲಿ ಧಡಕ್ಕನೆ ಇಳಿದಿದ್ದರೆ ಯಾರೋ ಮರ ಕಡಿದಿರಬಹುದು, ಹೊಸ ಕೊಟ್ಟಿಗೆ ಕಟ್ಟಿರಬಹುದು. ಗೂಗಲ್ ಅರ್ಥ್ ಪ್ರೊದಲ್ಲಿ ಹಳೆಯ ಚಿತ್ರಗಳ ಗಡಿಯಾರ ಒತ್ತಿ ನೋಡಿದರೆ ಸಾಮಾನ್ಯವಾಗಿ ಗೊತ್ತಾಗುತ್ತದೆ. ಚಿತ್ರದ ತಾರೀಕು ನೋಡುವುದನ್ನು ಮಾತ್ರ ಮರೆಯಬೇಡಿ.

ಎತ್ತರದ ಲೆಕ್ಕ

ಎತ್ತರಕ್ಕೆ ಬೇರೆ ನಕ್ಷೆಗಳಿವೆ. ಸ್ವಿಟ್ಜರ್ಲೆಂಡಿನ ಇಟಿಎಚ್ ಜ್ಯೂರಿಕ್‌ನವರು ಇಡೀ ಜಗತ್ತಿಗೆ 10 ಮೀಟರ್ ಪಿಕ್ಸೆಲ್‌ನ ಮರದೆತ್ತರದ ನಕ್ಷೆ ಮಾಡಿದ್ದಾರೆ, 2020ರ ಸ್ಥಿತಿಯದ್ದು. ಅಂತರಿಕ್ಷ ನಿಲ್ದಾಣದಲ್ಲಿ ಕೂರಿಸಿದ ಗೆಡಿ ಲೇಸರ್ ಅಳತೆಯನ್ನು ಸೆಂಟಿನೆಲ್ ಚಿತ್ರಕ್ಕೆ ಹೊಂದಿಸಿ ತಯಾರಿಸಿದ್ದು. 2024ರಲ್ಲಿ ಮೆಟಾ ಕಂಪನಿ ಮತ್ತು ವರ್ಲ್ಡ್ ರಿಸೋರ್ಸಸ್ ಇನ್‌ಸ್ಟಿಟ್ಯೂಟ್ ಸೇರಿ 1 ಮೀಟರ್ ಪಿಕ್ಸೆಲ್‌ನ ನಕ್ಷೆಯನ್ನೂ ಬಿಟ್ಟಿದ್ದಾರೆ. ಎರಡೂ ಪುಕ್ಕಟೆ, ಎರಡೂ ಅಂದಾಜು. ಮಾಂಜಿಯಂ ಅಕೇಶಿಯಾ ಎಳವೆಯಲ್ಲಿ ವರ್ಷಕ್ಕೆ ಎರಡು–ಮೂರು ಮೀಟರ್ ಏರುವ ಮರ. ಐದು ವರ್ಷ ಹಳೆಯ ನಕ್ಷೆ ಅಲ್ಲಿ ಕೈಕೊಡುತ್ತದೆ.

ಮರ ತಂತಿಗೆ ಎಟುಕುತ್ತದೆಯೇ ಅನ್ನುವುದು ಹೈಸ್ಕೂಲಿನ ಪೈಥಾಗೊರಸ್ ಲೆಕ್ಕ. ತಂತಿ ನೆಲದಿಂದ 6 ಮೀಟರ್ ಮೇಲೆ, ಮರ ಲೈನಿನಿಂದ 15 ಮೀಟರ್ ದೂರ ಅನ್ನಿ. 15ರ ವರ್ಗ 225, 6ರ ವರ್ಗ 36, ಕೂಡಿದರೆ 261. ಅದರ ವರ್ಗಮೂಲ ಸುಮಾರು 16.2. ಅಂದರೆ 16 ಮೀಟರ್ ದಾಟಿದ ಮರ ಬುಡಸಮೇತ ಬಿದ್ದರೆ ತಂತಿಗೆ ತಾಗಬಹುದು. ಮರದ ಬುಡ ಧರೆಯ ಮೇಲೆ 4 ಮೀಟರ್ ಎತ್ತರದಲ್ಲಿದ್ದರೆ 15.1 ಮೀಟರ್ ಮರವೇ ಸಾಕು. ಸಂಖ್ಯೆಯಲ್ಲಿ ಇದು ಸಣ್ಣ ವ್ಯತ್ಯಾಸ. ಆದರೆ ಜಡಿಮಳೆಯಲ್ಲಿ ಧರೆ ಕುಸಿದಾಗ ಮರ ಇಳಿಜಾರಿನ ಕಡೆಗೇ ಬರುತ್ತದೆ. ಅದಕ್ಕೇ ಲೈನಿಗಿಂತ ಮೇಲುಗಡೆಯ ಮರಗಳಿಗೆ ಜಾಸ್ತಿ ಅಂಕ, ಕೆಳಗಡೆಯವಕ್ಕೆ ಕಡಿಮೆ ಅಂಕ ಕೊಡಿ. ಯಾವುದು ಮೇಲು, ಯಾವುದು ಕೆಳಗು ಅನ್ನುವುದಕ್ಕೆ 30 ಮೀಟರ್‌ನ ಎಸ್‌ಆರ್‌ಟಿಎಂ ಅಥವಾ ಕೋಪರ್ನಿಕಸ್ ನೆಲದೆತ್ತರದ ನಕ್ಷೆ ಸಾಕು.

ಮಳೆಗಾಲದಲ್ಲಿ, ಬೇಸಿಗೆಯಲ್ಲಿ

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸೆಂಟಿನೆಲ್-2 ನೋಡುವುದು ಬರೀ ಮೋಡದ ಬೆನ್ನು. ಆಗ ಇರುವ ದಾರಿ ಸೆಂಟಿನೆಲ್-1. ಅದು ರೇಡಾರ್, ಮೋಡವನ್ನು ದಾಟಿ ನೋಡುತ್ತದೆ. ಒಂಟಿ ಮರ ಅದರಲ್ಲಿ ಸಿಗುವುದಿಲ್ಲ. ಗುಡ್ಡ ಜರಿದು ಟವರಿನ ಬುಡಕ್ಕೆ ಬಂದಿದೆಯಾ, ದೊಡ್ಡ ಮರಗಳ ಹಿಂಡೇ ಮಲಗಿದೆಯಾ ಅನ್ನುವುದನ್ನು ನೋಡಬಹುದು. ಒಂದೇ ಕಕ್ಷೆಯ, ಒಂದೇ ದಿಕ್ಕಿನ ಚಿತ್ರಗಳನ್ನೇ ಹೋಲಿಸಿ. ಘಾಟಿಯಲ್ಲಿ ಗುಡ್ಡದ ಒಂದು ಮಗ್ಗುಲು ರೇಡಾರಿಗೆ ಕಾಣುವುದೇ ಇಲ್ಲ, ಅದನ್ನು ಎದುರು ದಿಕ್ಕಿನ ಹಾಯುವಿಕೆಯಲ್ಲಿ ನೋಡಬೇಕು. 11 ಕೆವಿಗೆ ಇಷ್ಟು ಕಷ್ಟಪಡುವ ಅಗತ್ಯ ಇಲ್ಲ ಅಂತ ನನ್ನ ಅಭಿಪ್ರಾಯ. ದೊಡ್ಡ ಲೈನಿನವರಿಗೆ ಪ್ರಯೋಜನ ಇದೆ.

ಬೇಸಿಗೆಯ ಕಥೆ ಬೇರೆ. ಟವರ್ ಲೈನಿನ ಕೆಳಗೆ ಮರ ಕಡಿದ ಜಾಗದಲ್ಲಿ ಲಂಟಾನ, ಹುಲ್ಲು ತುಂಬಿಕೊಂಡು ಮಾರ್ಚ್ ಹೊತ್ತಿಗೆ ಒಣಗಿ ನಿಂತಿರುತ್ತವೆ. ಬೆಂಕಿ ಬಿದ್ದರೆ ಜ್ವಾಲೆಯೇ ತಂತಿ ಮುಟ್ಟಬೇಕು ಅಂತಿಲ್ಲ, ದಟ್ಟ ಹೊಗೆ ಮತ್ತು ಬಿಸಿಗಾಳಿಯಲ್ಲೇ ಕಿಡಿ ಹಾರಿ ಲೈನು ಟ್ರಿಪ್ ಆಗಬಹುದು. ನಾಸಾದ ಫರ್ಮ್ಸ್ ತಾಣದಲ್ಲಿ ನಿಮ್ಮ ಪ್ರದೇಶ ಗುರುತಿಸಿಟ್ಟರೆ ಬೆಂಕಿ ಕಂಡಾಗ ಇಮೇಲ್ ಬರುತ್ತದೆ.

ಪಟ್ಟಿಯನ್ನು ಕೈಗೆ ಕೊಡುವುದು

ಏಪ್ರಿಲ್ ಒಳಗೆ ಕೊಡಿ. ಮೇ ಕೊನೆಗೆ ಕೊಟ್ಟರೆ ಅದು ಪಟ್ಟಿಯಲ್ಲ, ಶಾಪ. ಒಂದೇ ಹಾಳೆ, ಹತ್ತೇ ಜಾಗ. ಕಂಬದ ನಂಬರ್, ಲೈನಿನ ಯಾವ ಪಕ್ಕ, ಮರ ಯಾವುದಿರಬಹುದು, ಬೆಳೆಯುತ್ತಿದೆಯಾ ಸಾಯುತ್ತಿದೆಯಾ, ಇಷ್ಟಿದ್ದರೆ ಸಾಕು. ಜೊತೆಗೆ ಲೊಕೇಶನ್ ಅನ್ನು ವಾಟ್ಸ್‌ಆ್ಯಪ್ ಮಾಡಿ. ಬಣ್ಣಬಣ್ಣದ ನಕ್ಷೆಯನ್ನು ಮನೆಯಲ್ಲೇ ಇಟ್ಟುಕೊಳ್ಳಿ, ಮಳೆಯಲ್ಲಿ ನೆನೆದ ಮೇಲೆ ಅದನ್ನು ಯಾರೂ ಬಿಡಿಸಿ ನೋಡುವುದಿಲ್ಲ.

ಆ ಹತ್ತರ ಜೊತೆ, ನಿಮ್ಮ ಲೆಕ್ಕದಲ್ಲಿ 'ಏನೂ ಅಪಾಯ ಇಲ್ಲ' ಅಂತ ಬಂದ ಐದು ಜಾಗವನ್ನೂ ನೀವೇ ಹೋಗಿ ನೋಡಿ ಬನ್ನಿ. ನಕ್ಷೆ ತಪ್ಪಿದ್ದು ಎಲ್ಲಿ ಅಂತ ಗೊತ್ತಾಗುವುದು ಅಲ್ಲೇ. ನನ್ನ ಹಲಸು ಆ ಗುಂಪಿನದ್ದೇ.

ಮರವನ್ನು ನೀವು ಕಡಿಯಲು ಹೋಗಬೇಡಿ. ಎಲ್‌ಸಿ (ಲೈನ್ ಕ್ಲಿಯರ್, ಅಂದರೆ ಕರೆಂಟ್ ತೆಗೆದ ಖಾತ್ರಿ) ತಗೊಳ್ಳದೆ ಲೈನಿನ ಹತ್ತಿರದ ಕೊಂಬೆಗೆ ಕತ್ತಿ ಹಾಕುವುದು ಸಾವನ್ನು ಕರೆದ ಹಾಗೆ. ಹಸಿ ಕೊಂಬೆಯಲ್ಲೂ ಕರೆಂಟ್ ಹರಿಯುತ್ತದೆ. ಸೆಕ್ಷನ್ ಆಫೀಸಿಗೆ ಬರೆದು ಕೊಟ್ಟು ಸ್ವೀಕೃತಿ ತಗೊಳ್ಳಿ, ತುರ್ತಿದ್ದರೆ 1912ಕ್ಕೆ ಫೋನ್ ಮಾಡಿ. ಬೇರೆಯವರ ಜಮೀನಿನ ಮರವಾದರೆ ಮೊದಲು ಮನೆಗೆ ಹೋಗಿ ಮಾತಾಡಿ. 2003ರ ವಿದ್ಯುತ್ ಕಾಯ್ದೆಯ 68ನೇ ಕಲಮಿನಲ್ಲಿ ಲೈನಿಗೆ ತೊಂದರೆ ಕೊಡುವ ಮರ ತೆಗೆಸಲು ದಾರಿ ಇದೆ ನಿಜ, ಆದರೆ ಒಂದು ಲೋಟ ಕಾಫಿಯಲ್ಲಿ ಮುಗಿಯುವ ಕೆಲಸಕ್ಕೆ ಕಾಯ್ದೆ ಯಾಕೆ? ಹೆಚ್ಚಿನ ಜಾತಿಯ ಮರ ಕಡಿಯಲು 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ ಪ್ರಕಾರ ಅರಣ್ಯ ಇಲಾಖೆಯ ಅನುಮತಿಯೂ ಬೇಕು. ಅಡಿಕೆ, ತೆಂಗು, ಸಿಲ್ವರ್ ಓಕ್, ನೀಲಗಿರಿಯಂಥ ಕೆಲವಕ್ಕೆ ವಿನಾಯಿತಿ ಇದೆ.

ಕಡಿದ ಮೇಲೆ ಕಂಬದ ನಂಬರಿನ ಎದುರು ತಾರೀಕು ಬರೆದಿಡಿ. ಮುಂದಿನ ಜನವರಿ ಚಿತ್ರದಲ್ಲಿ ಅಲ್ಲಿ ಹಸಿರು ಇಳಿದಿರಬೇಕು. ಇಳಿದಿಲ್ಲ ಅಂದರೆ ಒಂದೋ ಗೆರೆ ತಪ್ಪಿದೆ, ಇಲ್ಲವೋ ಕಟಿಂಗ್ ಕಾಗದದ ಮೇಲೆ ಮಾತ್ರ ಆಗಿದೆ.

ಬಿದಿರನ್ನು ಮಾತ್ರ ಈ ಯಾವ ಲೆಕ್ಕಕ್ಕೂ ಸೇರಿಸಬೇಡಿ. ಜನವರಿಯಲ್ಲಿ ಮೆಳೆ ತಂತಿಯಿಂದ ದೂರ, ಅಚ್ಚುಕಟ್ಟಾಗಿ ಕಾಣುತ್ತದೆ. ಮಳೆ ಬಿದ್ದ ಮೇಲೆ ಎದ್ದ ಕಳಲೆ ಒಂದೇ ಮಳೆಗಾಲದಲ್ಲಿ ತನ್ನ ಪೂರ್ತಿ ಎತ್ತರ ಮುಟ್ಟಿ ತಂತಿಯ ಮೇಲೆ ಬಾಗಿರುತ್ತದೆ. ವರ್ಷಕ್ಕೊಮ್ಮೆ ನೋಡುವ ಕಣ್ಣಿಗೆ ಅದು ಸಿಗುವುದಿಲ್ಲ. ಬಿದಿರುಮೆಳೆ ಇರುವ ಕಂಬಗಳ ನಂಬರನ್ನು ಬೇರೆ ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ಆಶ್ಲೇಷ ಮಳೆ ಸ್ವಲ್ಪ ಬಿಡುವು ಕೊಟ್ಟ ದಿನ, ಕಾಲಿಗೆ ಇಂಬಳಕ್ಕೆ ಸುಣ್ಣ ಹಚ್ಚಿಕೊಂಡು, ಹೋಗಿ ಕತ್ತೆತ್ತಿ ನೋಡಿ ಬನ್ನಿ.